ಒಳಗೆ ಬೀಜ ಬಿಚ್ಚಿದೆ

ಸಸ್ಯತೋಟದ ಕಚೇರಿಯಲ್ಲಿ ಎರಡನೇ ಮಹಡಿಗೆ ಹತ್ತಿದರೆ, ಕಾರಿಡಾರಿನ ಕಟ್ಟಕಡೆಗೆ ಬೀಜದ ಕೋಣೆ. ಬಾಗಿಲಿನ ಮೇಲರ್ಧಕ್ಕೆ ಗಾಜು, ಗಾಜಿನ ಕೆಳಗೆ ದಾರ ಕಟ್ಟಿ ತೂಗುಹಾಕಿದ ಒಂದು ರಟ್ಟಿನ ಬೋರ್ಡು. ಅದರ ಮೇಲೆ ಕೆಂಪು ಶಾಯಿಯ ದಪ್ಪ ಅಕ್ಷರಗಳು: ‘ತಟ್ಟಬೇಡಿ. ತೆರೆಯಬೇಡಿ. ಒಳಗೆ ಬೀಜ ಬಿಚ್ಚಿದೆ. ನಿಮ್ಮ ಒಂದು ಉಸಿರಿಗೆ ನಮ್ಮ ಒಂದು ವರ್ಷ ಹಾಳು.’ ಇದನ್ನು ಬರೆದವಳು ಒಳಗೆ ಕೂತು ಬೀಜ ಹಸನು ಮಾಡುವ ಹೆಂಗಸು. ಮೂವತ್ತಾರು ವರ್ಷದಿಂದ ಅದೇ ಕುರ್ಚಿ, ಅದೇ ಮೇಜು. ಇಡೀ ಕಚೇರಿ ಅವಳನ್ನು ಕರೆಯುವುದು ಗಾಳಿಯಕ್ಕ ಅಂತ. ಗಾಳಿ ಕಂಡರೆ ಆಗದವಳಿಗೆ ಗಾಳಿಯ ಹೆಸರನ್ನೇ ಕಟ್ಟಿದ ಪುಣ್ಯಾತ್ಮ ಯಾರೋ, ಅವನು ಕೆಲಸ ಬಿಟ್ಟು ಯಾವ ಕಾಲವಾಯಿತೋ, ಹೆಸರು ಮಾತ್ರ ಗಟ್ಟಿಯಾಗಿ ನಿಂತುಬಿಟ್ಟಿತು.

ಗಾಳಿಯ ಮೇಲೆ ಅವಳಿಗೆ ಅಷ್ಟೊಂದು ಹಗೆ ಯಾಕೆ ಅಂದರೆ, ಅವಳ ಪಾಲಿಗೆ ಬಂದದ್ದು ಹೀತ್ ಕುಟುಂಬದ ಗಿಡಗಳು. ಬ್ಲೂಬೆರಿ ಗೊತ್ತಲ್ಲ, ಅದು ಈ ಮನೆತನದ್ದೇ. ಗೊಂಚಲು ಗೊಂಚಲು ಹೂ ಬಿಡುವ ರೋಡೋಡೆಂಡ್ರಾನ್ ಕೂಡ ಇದೇ ಮನೆಯದು. ಹೀತ್ ಅನ್ನುವ ಹೆಸರಿನವೇ ಕುಳ್ಳ ಪೊದೆಗಳೂ ಇವೆ, ಬೇರೆ ಯಾವ ಗಿಡವೂ ಬೇಡ ಅಂದ ಹುಳಿ ಮಣ್ಣಿನಲ್ಲಿ ಹಾಯಾಗಿ ಬೆಳೆಯುತ್ತವೆ. ಒಂದೇ ತಾಯಿ ಮಕ್ಕಳು ಅನ್ನುವುದಕ್ಕೆ ಹಣ್ಣಿನಲ್ಲಿ ಮಾತ್ರ ಗುರುತೇ ಇಲ್ಲ. ಒಂದರ ಹಣ್ಣಿಗೆ ಮೈತುಂಬ ರಸ, ನೆತ್ತಿಯ ಮೇಲೊಂದು ಪುಟ್ಟ ಕಿರೀಟ. ಇನ್ನೊಂದರ ಹಣ್ಣಿನೊಳಗೆ ಹಲ್ಲು ಮುರಿಯುವಂಥ ಓಟೆ. ಮಿಕ್ಕವಕ್ಕೆಲ್ಲ ರಸವೂ ಇಲ್ಲ, ರುಚಿಯೂ ಇಲ್ಲ. ಬರೀ ಒಣ ಕಾಯಿ, ಒಳಗೆ ಅಚ್ಚುಕಟ್ಟಾಗಿ ಐದು ಕೋಣೆ. ಬಲಿತ ಮೇಲೆ ಒಂದು ದಿನ ತುದಿಯಿಂದ ಬಾಯಿ ಬಿಟ್ಟು ಬೀಜವನ್ನೆಲ್ಲ ಗಾಳಿಗೆ ಸುರಿದು ಕೈ ತೊಳೆದುಕೊಳ್ಳುತ್ತದೆ. ಬೀಜವೋ, ನಶ್ಯದ ಪುಡಿ. ಒಂದೊಂದು ಕಾಯಲ್ಲಿ ನೂರಾರು. ಕಣ್ಣಿಗೆ ಧೂಳು, ಭೂತಗನ್ನಡಿಯಲ್ಲಿ ನೋಡಿದರೆ ಒಂದೊಂದಕ್ಕೂ ಬೇರೆ ಬೇರೆ ಆಕಾರ, ಕೆಲವಕ್ಕೆ ತುದಿಯಲ್ಲಿ ಸಣ್ಣ ರೆಕ್ಕೆ.

ಇಂಥ ಬೀಜವನ್ನು ಹೊಟ್ಟಿನಿಂದ ಬೇರೆ ಮಾಡುವುದು ಗಾಳಿಯಕ್ಕನ ಕೆಲಸ. ಕಿಟಕಿ ಮುಚ್ಚಿ, ಫ್ಯಾನು ನಿಲ್ಲಿಸಿ, ಮೂಗು ಬಾಯಿಗೆ ಬಟ್ಟೆ ಕಟ್ಟಿ, ಬಿಳಿ ಹಾಳೆಯ ಮೇಲೆ ಕಾಯಿ ಬಿಡಿಸಿ, ಕೂದಲೆಳೆಯಷ್ಟು ಸಣ್ಣ ಕಣ್ಣಿನ ಜರಡಿಯಲ್ಲಿ ಒಂದು ಸಲ, ಇನ್ನೂ ಸಣ್ಣದರಲ್ಲಿ ಇನ್ನೊಂದು ಸಲ. ಉಸಿರು ಬಿಡಬೇಕಾದರೆ ಮುಖ ಆ ಕಡೆ ತಿರುಗಿಸಬೇಕು. ಒಂದು ಸಲ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಮೇಜಿನ ಮೇಲೆ ಬಗ್ಗಿ, ‘ಎಲ್ರೀ ಬೀಜ?’ ಅಂತ ಕೇಳುತ್ತಲೇ ಒಂದು ಸೀನು ಸೀನಿದರು. ಅಷ್ಟೇ. ಮುನ್ನೂರು ಗಿಡ ಅವರ ಕೋಟಿನ ಮೇಲೆ ಕೂತು ಅವರ ಮನೆಗೆ ಹೋದವು. ಆವತ್ತೇ ಗಾಳಿಯಕ್ಕ ಬೋರ್ಡು ಬರೆದದ್ದು.

ಮೊದಮೊದಲು ಬೀಜ ಬಿಚ್ಚಿದಾಗ ಮಾತ್ರ ಹಾಕುತ್ತಿದ್ದಳು, ಮುಗಿದ ಮೇಲೆ ತೆಗೆದು ಒಳಗಿಡುತ್ತಿದ್ದಳು. ಆಮೇಲೆ ತೆಗೆಯಲು ಮರೆಯತೊಡಗಿದಳು. ಆಮೇಲೆ, ನಿಜ ಹೇಳಬೇಕೆಂದರೆ, ಮರೆತದ್ದಲ್ಲ, ಬೇಕೆಂದೇ ಬಿಟ್ಟಳು. ಟೈಪಿಸ್ಟ್ ಬಂದು ಒಂದು ಗಂಟೆ ಅತ್ತೆಯ ಪುರಾಣ ಹೇಳುವುದು ತಪ್ಪಿತು, ಸಾಹೇಬರು ಸುಮ್ಮಸುಮ್ಮನೆ ಇಣುಕುವುದು ತಪ್ಪಿತು. ಚಳಿಗಾಲದ ಎರಡು ತಿಂಗಳು ಬಿಟ್ಟರೆ ಬೀಜ ಬಿಚ್ಚುವ ಕೆಲಸವೇ ಇರುತ್ತಿರಲಿಲ್ಲ, ಬೋರ್ಡು ಮಾತ್ರ ಹನ್ನೆರಡು ತಿಂಗಳೂ ಬಾಗಿಲಲ್ಲಿ ಇರುತ್ತಿತ್ತು. ಜನ ಒಳ್ಳೆಯವರು, ಅಕ್ಷರ ಬಲ್ಲವರು. ಓದಿದರು, ಹಿಂದಿರುಗಿದರು. ಕ್ರಮೇಣ ಓದುವುದಕ್ಕೂ ಬರುವುದನ್ನು ಬಿಟ್ಟರು.

ಮನೆ ಅಂದರೆ ಬಾಡಿಗೆಯ ಒಂದು ಕೋಣೆ, ಬೇಕರಿಯ ಮೇಲೆ. ಬೆಳಿಗ್ಗೆ ಎದ್ದರೆ ಬ್ರೆಡ್ಡಿನ ವಾಸನೆ, ರಾತ್ರಿ ಮಲಗಿದರೆ ಕೆಳಗಿನ ಷಟರ್ ಎಳೆಯುವ ಸದ್ದು. ಶನಿವಾರ ಸಂಜೆ ಬಾಗಿಲು ಹಾಕಿಕೊಂಡರೆ ಸೋಮವಾರ ಬೆಳಿಗ್ಗೆ ವಾಚ್‌ಮನ್‌ಗೆ ‘ಏನಪ್ಪಾ’ ಅನ್ನುವ ತನಕ ಅವಳ ಬಾಯಿಂದ ಒಂದು ಮಾತು ಹೊರಬೀಳುತ್ತಿರಲಿಲ್ಲ. ಸೋಮವಾರದ ಆ ‘ಏನಪ್ಪಾ’ ಗೊಗ್ಗರಾಗಿರುತ್ತಿತ್ತು. ಒಂದು ಭಾನುವಾರ ಅವಳು ಅಂಗಡಿಯಲ್ಲಿ ಬೇಡದ ಬಿಸ್ಕತ್ತಿನ ಬೆಲೆ ಕೇಳಿದ್ದುಂಟು. ಸುಮ್ಮನೆ, ತನ್ನ ಗಂಟಲು ಕೆಲಸ ಮಾಡುತ್ತದೋ ಇಲ್ಲವೋ ನೋಡೋಣ ಅಂತ. ಯಾರಿಗೆ ಹೇಳಿಕೊಳ್ಳುವುದು ಇದನ್ನೆಲ್ಲ? ನಗುತ್ತಾರೆ ಅಷ್ಟೇ.

ಈಗ ನಿವೃತ್ತಿಗೆ ಎರಡೇ ತಿಂಗಳು ಉಳಿದಿತ್ತು. ಸಾಹೇಬರು ಎದುರು ಸಿಕ್ಕಾಗಲೆಲ್ಲ, ‘ಇನ್ನೇನ್ರೀ, ಆರಾಮಾಗಿರಬಹುದು ನೀವು’ ಅನ್ನುತ್ತಿದ್ದರು. ಆರಾಮ ಅನ್ನುವ ಪದ ಕೇಳಿದರೇ ಅವಳಿಗೆ ಭಯವಾಗುತ್ತಿತ್ತು. ವಾರಕ್ಕೆ ಒಂದು ಭಾನುವಾರವೇ ದಾಟಲಾರದಷ್ಟು ಉದ್ದ, ಇನ್ನು ಏಳೂ ದಿನ ಭಾನುವಾರವಾದರೆ?

ಅವಳಿಗೆ ತನ್ನವರು ಅಂತ ಇದ್ದವಳು ಒಬ್ಬಳೇ ತಂಗಿ. ಹದಿನಾಲ್ಕು ವರ್ಷ ಚಿಕ್ಕವಳು. ಅಪ್ಪ ಅಮ್ಮ ಬೇಗ ಹೋದರು, ತಂಗಿಗೆ ತಲೆ ಬಾಚಿ ಶಾಲೆಗೆ ಕಳಿಸಿದ್ದು, ಜ್ವರ ಬಂದರೆ ರಾತ್ರಿಯೆಲ್ಲ ಕೂತದ್ದು ಇವಳೇ. ರಜೆಯಲ್ಲಿ ತಂಗಿಯನ್ನು ಸಸ್ಯತೋಟಕ್ಕೆ ಕರೆತರುತ್ತಿದ್ದಳು. ಅಲ್ಲೊಂದು ನೆಲಕ್ಕಂಟಿ ಬೆಳೆಯುವ ಗಿಡ, ಕೆಂಪು ಕೆಂಪು ಹಣ್ಣು. ಅದು ಅಸಲಿಗೆ ಹಣ್ಣೇ ಅಲ್ಲ. ಒಳಗಿರುವುದು ಅದೇ ಒಣ ಕಾಯಿ, ಹೂವಿನ ಹೊರಗಿನ ಹಸಿರು ಎಸಳೇ ಊದಿಕೊಂಡು ಕೆಂಪಾಗಿ ಅದನ್ನು ಸುತ್ತಿಕೊಂಡಿರುತ್ತದೆ. ತಂಗಿ ಹೇಳಿದ್ದು ಕೇಳದೆ ಒಂದು ಕಿತ್ತು ಬಾಯಿಗೆ ಹಾಕಿಕೊಂಡಳು. ಮರುಕ್ಷಣ ‘ಥೂ! ಅಕ್ಕಾ, ಸೊಂಟನೋವಿನ ಎಣ್ಣೆ!’ ಅಂತ ಕುಣಿದಾಡಿದಳು. ನಿಜಕ್ಕೂ ಅದೇ ವಾಸನೆ ಅದಕ್ಕೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಆ ತಂಗಿಯ ಮದುವೆಯ ದಿನ ಅಕ್ಕ ಇರಲಿಲ್ಲ. ಹನ್ನೊಂದು ವರ್ಷದ ಹಿಂದಿನ ಮಾತು. ತೋಟದಲ್ಲಿದ್ದ ಒಂದು ಮುದಿ ಹೀತ್ ಪೊದೆ ಸಾಯುವ ಹಾದಿ ಹಿಡಿದಿತ್ತು, ಆ ಜಾತಿಯದು ಬೇರೆ ಗಿಡ ಇರಲಿಲ್ಲ. ಕೊನೆಯ ಕಾಯಿಗಳು ಬಲಿತು ನಿಂತಿದ್ದವು. ಒಂದು ದಿನ ಮುಂಚೆ ಕಿತ್ತರೆ ಹಸಿ, ಒಂದು ದಿನ ತಡವಾದರೆ ಎಲ್ಲ ಗಾಳಿಪಾಲು. ‘ಬೆಳಿಗ್ಗೆ ಕಿತ್ತುಕೊಂಡು ಹತ್ತರ ರೈಲಿಗೆ ಬಂದುಬಿಡ್ತೀನಿ ಕಣೇ, ಬರಬೇಡ ಅಂದ್ರೂ ಬರ್ತೀನಿ’ ಅಂದಿದ್ದಳು. ಬೆಳಿಗ್ಗೆ ಮಂಜು ಬಿತ್ತು, ಕಾಯಿ ಒದ್ದೆ. ಒದ್ದೆ ಕಾಯಿ ಕಿತ್ತರೆ ಬೂಷ್ಟು. ಹತ್ತು ಗಂಟೆಗೆ ಒಣಗೀತು, ಹನ್ನೊಂದಕ್ಕೆ ಒಣಗೀತು ಅಂತ ಕಾದಳು. ಅವಳು ಮದುವೆ ಮನೆ ಮುಟ್ಟುವ ಹೊತ್ತಿಗೆ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ಚೀಲದಲ್ಲಿ ಬೀಜದ ಪೊಟ್ಟಣ ಇತ್ತು. ತಂಗಿ ಬೈಯಲಿಲ್ಲ. ‘ಬಂದ್ಯಾ ಅಕ್ಕ? ಸುಸ್ತಾಗಿರುತ್ತೆ, ಮುಖ ತೊಳ್ಕೋ’ ಅಂದಳು, ಯಾರೋ ದೂರದ ನೆಂಟರಿಗೆ ಅನ್ನುವ ಹಾಗೆ.

ಬೈದಿದ್ದರೆ ಬಾಯಿ ಮಾತಿಗೆ ಬಾಯಿ ಮಾತು, ಅಲ್ಲಿಗೆ ಮುಗಿದುಹೋಗುತ್ತಿತ್ತು. ಬೈಯದೆ ಬಿಟ್ಟದ್ದೇ ಗಂಟಾಯಿತು. ಅದಾದ ಮೇಲೆ ವರ್ಷಕ್ಕೊಂದು ಕಾಗದ, ಮಗಳು ಹುಟ್ಟಿದಾಗ ಒಂದು ಫೋಟೊ, ಅಷ್ಟೇ. ಇವಳೂ ಹೋಗಲಿಲ್ಲ. ಕರೆಯದೆ ಹೋಗುವುದು ಹೇಗೆ ಅಂತ ಇವಳು, ಕರೆದರೆ ಬೀಜ ಬಿಟ್ಟು ಬರುತ್ತಾಳಾ ಅಂತ ಅವಳು. ಆ ಪೊದೆಯ ಬೀಜ ಮೊಳೆತು ಈಗ ತೋಟದಲ್ಲಿ ನಲವತ್ತು ಗಿಡಗಳಿವೆ. ಸಾಹೇಬರು ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸುತ್ತಾರೆ. ಗಾಳಿಯಕ್ಕ ಆ ಕಡೆ ಹಾಯುವುದಿಲ್ಲ.

ಹೀಗಿರುವಾಗ, ಹೋದ ವಾರ ಒಂದು ಸಂಜೆ ಫೋನು ಬಂತು.

‘ಅಕ್ಕ, ನಾನು ಕಣೇ.’

ಗಾಳಿಯಕ್ಕನಿಗೆ ಕೈಯಲ್ಲಿದ್ದ ಲೋಟ ಎಲ್ಲಿಡುವುದು ತಿಳಿಯಲಿಲ್ಲ. ‘ಹೂಂ, ಹೇಳು’ ಅಂದಳು.

‘ಮಂಗಳವಾರ ನಿಮ್ಮೂರಲ್ಲಿ ಸ್ವಲ್ಪ ಕೆಲಸ ಇದೆ. ಮುಗಿಸಿಕೊಂಡು ನಾಲ್ಕು ಗಂಟೆಗೆ ನಿನ್ನ ಆಫೀಸಿನ ಹತ್ರ ಬರ್ತೀನಿ. ಮಾತಾಡಬೇಕು.’

‘ಏನು ಮಾತು?’

‘ನಮ್ಮನೆ ಮೇಲಿನ ಕೋಣೆ ಖಾಲಿಯಾಗಿದೆ. ನಮ್ಮೆಜಮಾನರ ಚಿಕ್ಕಮ್ಮ ಕೇಳ್ತಾ ಇದಾರೆ, ಪಾಪ ಅವರಿಗೂ ಯಾರೂ ಇಲ್ಲ. ಮಂಗಳವಾರ ಹೇಳ್ತೀನಿ ಅಂದಿದೀನಿ. ಅವರಿಗೆ ಹೂಂ ಅನ್ನೋಕೆ ಮುಂಚೆ ನಿನ್ನ ಹತ್ರ ಮಾತಾಡಬೇಕು ಅನ್ನಿಸ್ತು.’

‘ನನ್ನ ಹತ್ರ ಏನಿದೆ ಮಾತಾಡೋಕೆ?’ ಅಂದಳು ಗಾಳಿಯಕ್ಕ. ಮನಸ್ಸು ಆಗಲೇ ತಂಗಿಯ ಮನೆಯ ಮೆಟ್ಟಿಲು ಹತ್ತುತ್ತಿತ್ತು, ಬಾಯಿ ಮಾತ್ರ ಬಿಗುಮಾನ ಬಿಡದು. ಕೆಲವರ ಜಾಯಮಾನವೇ ಹಾಗೆ, ಬಾಯಾರಿ ಸಾಯುತ್ತಿದ್ದರೂ ‘ನೀರು ಬೇಕಾ’ ಅಂದರೆ ‘ಬೇಡ, ಈಗ ಕುಡಿದೆ’ ಅನ್ನುತ್ತಾರೆ.

‘ಫೋನಲ್ಲಿ ಬೇಡ ಅಕ್ಕ. ನೀನು ಫೋನಲ್ಲಿ ಏನು ಹೇಳ್ತೀಯೋ ನಂಗೆ ಗೊತ್ತು. ನಿನ್ನ ಮುಖ ನೋಡಿದ್ರೆ ಸಾಕು, ನಾನೇ ತಿಳ್ಕೋತೀನಿ.’

ಆ ರಾತ್ರಿ ಗಾಳಿಯಕ್ಕ ಕೋಣೆಯಲ್ಲಿ ಅತ್ತಿಂದಿತ್ತ ಓಡಾಡಿದಳು. ಸಂತೋಷ ತಡೆಯಲಾಗಲಿಲ್ಲ. ಮಾರನೆಯ ದಿನ ಹೊಸ ದಿಂಬು ತಂದಳು, ತಂಗಿ ರಾತ್ರಿ ಉಳಿದರೂ ಉಳಿದಾಳು ಅಂತ. ಮನೆಯಲ್ಲಿದ್ದ ಎರಡನೇ ಕಪ್ಪಿನ ಕಿವಿ ಮುರಿದಿತ್ತು, ಅದಕ್ಕೂ ಒಂದು ಜೊತೆ ತಂದಳು. ಕನ್ನಡಿಯ ಮುಂದೆ ನಿಂತು ಹೇಳಿಕೊಂಡಳು: ‘ಬರ್ತೀನಿ ಕಣೇ, ನಂಗೂ ಸಾಕಾಗಿದೆ ಒಬ್ಬಳೇ ಇದ್ದು.’ ಹೇಳುವುದು ಇಷ್ಟೇ ತಾನೇ? ಆರು ದಿನ ದಿನಕ್ಕೆ ಹತ್ತು ಸಲ ಹೇಳಿಕೊಂಡು ಬಾಯಿಪಾಠ ಮಾಡಿದಳು. ಸೋಮವಾರದ ಹೊತ್ತಿಗೆ ಗಂಟಲು ಗೊಗ್ಗರಾಗಿಲ್ಲದ್ದನ್ನು ವಾಚ್‌ಮನ್ ಕೂಡ ಗಮನಿಸಿ, ‘ಏನಮ್ಮ, ಇವತ್ತು ದನಿ ಗಂಟೆ ಬಾರಿಸಿದಂಗಿದೆ’ ಅಂದ.

ಮಂಗಳವಾರ ಬಂತು. ಅವಳ ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಉಡುಪನ್ನೇ ಉಟ್ಟಳು. ಬ್ಯಾಗನ್ನು ಫೋನಿನ ಸಮೇತ ಕೆಳಮಹಡಿಯ ಕಪಾಟಿನಲ್ಲಿ ಇಟ್ಟು ಮೇಲೆ ಹತ್ತಿದಳು. ಬೀಜದ ಕೋಣೆಗೆ ಫೋನು ಒಯ್ಯುವುದಿಲ್ಲ, ಅದು ಅವಳದೇ ಕಟ್ಟಳೆ. ಅದು ಹೊಡೆದುಕೊಂಡಾಗ ಬೆಚ್ಚಿ ಕೈ ಅಲುಗಿದರೆ ಬೀಜ ಹೋಯಿತು. ಆವತ್ತು ಒಂದೇ ಒಂದು ಚೀಲ ರೋಡೋಡೆಂಡ್ರಾನ್ ಕಾಯಿ ಇತ್ತು. ಬೆಳಿಗ್ಗೆ ಒಂಬತ್ತಕ್ಕೆ ಕೂತವಳು ಹನ್ನೆರಡೂವರೆಗೆ ಮುಗಿಸಿದಳು. ಬೀಜವನ್ನು ಗಾಜಿನ ಶೀಶೆಗೆ ತುಂಬಿ, ಮುಚ್ಚಳ ಬಿಗಿದು, ಚೀಟಿ ಅಂಟಿಸಿ, ತಣ್ಣನೆ ಪೆಟ್ಟಿಗೆಗೆ ಸೇರಿಸಿದಳು. ಮೇಜು ಒರೆಸಿದಳು. ಬಿಚ್ಚಿದ ಬೀಜ ಅಂತ ಆ ಕೋಣೆಯಲ್ಲಿ ಒಂದು ಚಿಟಿಕೆಯೂ ಉಳಿದಿರಲಿಲ್ಲ.

ಬೋರ್ಡು? ಅದರ ಪಾಡಿಗೆ ಅದು ಇತ್ತು. ಅದನ್ನು ಅವಳು ನೋಡುವುದನ್ನೇ ಬಿಟ್ಟು ವರ್ಷಗಳಾಗಿದ್ದವು. ನಮ್ಮ ಮೂಗು ನಮಗೆ ಕಾಣುತ್ತದೆಯೇ?

ನಾಲ್ಕು ಗಂಟೆಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ಕೆಳಗೆ ಹೋಗಿ ನಿಲ್ಲೋಣವೆಂದರೆ ಮೂರೂವರೆ ಗಂಟೆ ಹೊತ್ತು ಗೇಟಿನ ಹತ್ತಿರ ನಿಂತು ಏನು ಮಾಡುವುದು, ಜನ ಏನಂದಾರು. ಬಾಗಿಲಿಗೆ ಓರೆಯಾಗಿದ್ದ ಕುರ್ಚಿಯಲ್ಲಿ ಕೂತಳು. ಕೈ ಸುಮ್ಮನಿರಲಾರದೆ ಬರಿದಾದ ಒಂದು ಕಾಯನ್ನು ಎತ್ತಿ ಭೂತಗನ್ನಡಿಯ ಕೆಳಗಿಟ್ಟಳು. ಐದು ಕೋಣೆ, ಐದಕ್ಕೂ ಬಾಗಿಲು ತೆರೆದಿತ್ತು. ತಂಗಿಯ ಮನೆ ಹೇಗಿದೆಯೋ, ಅವಳು ಕಂಡವಳಲ್ಲ. ಫೋಟೊದಲ್ಲಿ ಒಂದು ಮೆಟ್ಟಿಲು, ಒಂದು ಹಸಿರು ಕಿಟಕಿ ಅಷ್ಟೇ ನೋಡಿದ್ದಳು. ಕೆಳಗೆ ಅಡುಗೆಮನೆ ಇರಬಹುದು, ಪಕ್ಕದಲ್ಲಿ ಮಗು ಓದುವ ಕೋಣೆ. ಮಗುವಿಗೆ ಈಗ ಒಂಬತ್ತು, ಒಂಬತ್ತು ವರ್ಷದವರಿಗೆ ಭೂತಗನ್ನಡಿ ಅಂದರೆ ಪ್ರಾಣ. ಮೆಟ್ಟಿಲು ಹತ್ತಿದರೆ ಮೇಲಿನ ಕೋಣೆ. ಬೆಳಿಗ್ಗೆ ಕೆಳಗಿನಿಂದ ಯಾರಾದರೂ ‘ದೊಡ್ಡಮ್ಮಾ, ಟೀ ಆಯ್ತು’ ಅಂತ ಕೂಗುತ್ತಾರೆ. ಕೂಗದಿದ್ದರೂ ಪಾತ್ರೆ ಸದ್ದು ಕೇಳುತ್ತದೆ. ಯಾರೋ ಯಾರಿಗೋ ಬೈಯುವುದು ಕೇಳುತ್ತದೆ. ಅಷ್ಟು ಸಾಕಲ್ಲ ಮನುಷ್ಯರಿಗೆ. ಹೀಗೆ ಅಂದುಕೊಳ್ಳುತ್ತಾ ಅಂದುಕೊಳ್ಳುತ್ತಾ ಅವಳ ಮುಖ ತಂತಾನೇ ಅರಳಿತು. ಹಾಗೆಯೇ ನಗುತ್ತಾ ಕಾಯನ್ನು ಆ ಕಡೆ ಈ ಕಡೆ ತಿರುಗಿಸುತ್ತಾ ಎಷ್ಟು ಹೊತ್ತು ಕೂತಳೋ, ಗಡಿಯಾರದ ಕಡೆ ನೋಡಿದಾಗ ನಾಲ್ಕಕ್ಕೆ ಹತ್ತು ನಿಮಿಷವಿತ್ತು.

ಅಯ್ಯೋ ಅಂತ ಎದ್ದು, ತಲೆಗೂದಲು ಸರಿಮಾಡಿಕೊಂಡು, ಕಪಾಟಿನಿಂದ ಬ್ಯಾಗು ಎತ್ತಿಕೊಂಡು ದುಡುದುಡು ಗೇಟಿಗೆ ಬಂದಳು. ವಾಚ್‌ಮನ್ ಸ್ಟೂಲಿನ ಮೇಲೆ ಕೂತು ಸೌತೆಕಾಯಿ ಹೆಚ್ಚುತ್ತಿದ್ದ. ಇವಳನ್ನು ಕಂಡು ಎದ್ದು ನಿಂತ.

‘ಮುಗೀತಾ ಅಮ್ಮ ಕೆಲಸ? ನಿಮ್ಮ ತಂಗಿ ಬಂದಿದ್ರಲ್ಲ, ಬಹಳ ಹೊತ್ತು ಕಾದ್ರು.’

‘ಯಾರು ಬಂದಿದ್ರು?’

‘ನಿಮ್ಮ ತಂಗಿ. ಎರಡು ಗಂಟೆಗೇ ಬಂದ್ರು. ಅವರ ಕೆಲಸ ಬೇಗ ಆಯ್ತಂತೆ. ಮೇಲೆ ಕಳಿಸ್ದೆ. ಬೋರ್ಡು ಇದ್ರೆ ಮಾತ್ರ ತಟ್ಟಬೇಡಿ ತಾಯಿ, ಗಾಳಿಯಕ್ಕ ಉಗೀತಾರೆ ಅಂತ ಹೇಳೇ ಕಳಿಸ್ದೆ.’ ಅವನು ತಾನು ಮಾಡಿದ್ದು ಸರಿಯೇ ಎಂಬಂತೆ ತಲೆದೂಗಿದ. ‘ಒಂದು ಗಂಟೆಗೂ ಮೇಲಾಯ್ತು, ಆಮೇಲೆ ಕೆಳಗೆ ಬಂದ್ರು. ಇನ್ನೂ ಕೆಲಸದಲ್ಲಿದಾಳೆ, ತೊಂದರೆ ಕೊಡಬೇಡಿ, ನಾನೇ ಫೋನ್ ಮಾಡ್ತೀನಿ ಅಂದ್ರು. ಮೂರೂವರೆ ರೈಲು ಇತ್ತಂತೆ.’

ಗಾಳಿಯಕ್ಕ ಬ್ಯಾಗಿನಲ್ಲಿ ಕೈಹಾಕಿ ತಡಕಾಡಿದಳು. ಫೋನಿನಲ್ಲಿ ತಂಗಿಯ ಕರೆ ಎರಡು ಸಲ ಬಂದು ಹೋಗಿತ್ತು. ಗಡಿಬಿಡಿಯಲ್ಲಿ ಮೊದಲ ಸಲ ತಪ್ಪು ಒತ್ತಿದಳು, ಎರಡನೇ ಸಲ ಹೋಯಿತು. ರೈಲಿನ ಗಡಗಡ ಸದ್ದಿನ ನಡುವೆ ತಂಗಿಯ ದನಿ ಬಂತು.

‘ಅಕ್ಕ, ಮುಗೀತಾ?’

‘ಎಲ್ಲಿದೀಯೇ ನೀನು? ಯಾಕೆ ಹೋದೆ? ಬಂದವಳು ಕರೀಬಾರದಾ?’

‘ಬೋರ್ಡು ಓದಿದೆ ಕಣೇ.’ ತಂಗಿಯ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು. ‘ಗಾಜಿನಿಂದ ನೋಡ್ತಾ ನಿಂತಿದ್ದೆ. ನೀನು ಏನೋ ಒಂದು ಕಾಯಿ ಇಟ್ಕೊಂಡು ನೋಡ್ತಾ ಇದ್ದೆ. ನಗ್ತಾ ಇದ್ದೆ ಅಕ್ಕ. ಒಬ್ಬಳೇ ಕೂತು ಅಷ್ಟು ಚೆಂದ ನಗ್ತಾ ಇದ್ದೆ. ನಿನ್ನ ಮುಖ ಅಷ್ಟು ನೆಮ್ಮದಿಯಾಗಿದ್ದದ್ದು ನಾನು ಯಾವತ್ತೂ ನೋಡಿಲ್ಲ.’

‘ಅದು...’ ಅಂದಳು ಗಾಳಿಯಕ್ಕ.

‘ಮೊದಲು ನಂಗೆ ಹೊಟ್ಟೆಕಿಚ್ಚಾಯ್ತು, ಸುಳ್ಳು ಯಾಕೆ ಹೇಳ್ಲಿ. ನನ್ನ ಮದುವೆ ದಿನಾನೂ ಹೀಗೇ ನಗ್ತಾ ಇದ್ದಳೇನೋ ಆ ಕಾಯಿ ಮುಂದೆ ಅನ್ನಿಸ್ತು. ನಿಂತೂ ನಿಂತೂ ಅದೂ ಹೋಯ್ತು. ಹನ್ನೊಂದು ವರ್ಷ ನಾನು ನಿನ್ನ ಮೇಲೆ ಮುನಿಸಿಕೊಂಡಿದ್ದೆ, ಅದು ತಪ್ಪು ಅಂತ ಆವಾಗ ಗೊತ್ತಾಯ್ತು. ಕೆಲವರಿಗೆ ಮನೆ ಮಕ್ಕಳು, ಕೆಲವರಿಗೆ ಇನ್ನೇನೋ. ನಿನಗೆ ಅದಿದೆ. ನಾನು ನಿನ್ನನ್ನ ನಮ್ಮನೆಗೆ ಬಂದಿರು ಅಂತ ಕರೆಯೋಕೆ ಬಂದಿದ್ದೆ. ಪಾಪ ಒಬ್ಬಳೇ ಇದಾಳೆ, ನಿವೃತ್ತಿ ಬೇರೆ ಬಂತು ಅಂತ. ಆ ನಗು ನೋಡಿದ ಮೇಲೆ ಯಾವ ಬಾಯಲ್ಲಿ ಕರೆಯೋದು? ಬಂದ್ರೆ ನನ್ನ ಮುಲಾಜಿಗೆ ಬಂದಿರ್ತೀಯ, ಒಳಗೊಳಗೇ ಬಾಡ್ತೀಯ. ಅದಕ್ಕೇ ಮೆಟ್ಟಿಲ ಮೇಲೆ ನಿಂತು ಚಿಕ್ಕಮ್ಮನಿಗೆ ಫೋನ್ ಮಾಡಿ ಹೇಳ್ಬಿಟ್ಟೆ.’

‘ಏನು ಹೇಳಿದೆ?’

‘ಕೋಣೆ ನಿಮಗೇ ಅಂತ. ಅತ್ತುಬಿಟ್ರು ಪಾಪ, ಅಷ್ಟು ಖುಷಿ. ಆಗ್ಲೇ ಗಂಟು ಕಟ್ತಾ ಇದಾರಂತೆ.’

ವಾಚ್‌ಮನ್ ಸೌತೆಕಾಯಿಯ ಹೋಳೊಂದನ್ನು ಚಾಕುವಿನ ತುದಿಯಲ್ಲಿ ಚುಚ್ಚಿ ಇವಳ ಕಡೆ ಚಾಚಿದ್ದ. ಇವಳ ಮುಖ ನೋಡಿ ಕೈ ಹಿಂತೆಗೆದುಕೊಂಡು, ಸ್ಟೂಲನ್ನು ಮೆಲ್ಲಗೆ ಇವಳ ಹಿಂದೆ ಸರಿಸಿ, ಗೇಟಿನ ಆಚೆಗೆ ಹೋಗಿ ನಿಂತ. ಗಾಳಿಯಕ್ಕ ಕೂರಲಿಲ್ಲ.

ಈಗ ಸುಮ್ಮನಿದ್ದುಬಿಡಬಹುದಿತ್ತು. ‘ಹೌದು ಕಣೇ, ನಂಗೆ ಇಲ್ಲೇ ಸರಿ’ ಅಂತ ಒಂದು ಮಾತು ಅಂದಿದ್ದರೆ ತಂಗಿ ನೆಮ್ಮದಿಯಾಗಿ ಮನೆ ಸೇರುತ್ತಿದ್ದಳು, ಆ ಚಿಕ್ಕಮ್ಮನೂ ನೆಮ್ಮದಿಯಾಗಿ ಗಂಟು ಕಟ್ಟುತ್ತಿದ್ದರು. ಬಿಗುಮಾನದ ಬಾಯಿ ಆ ಮಾತಿಗೆ ತಯಾರಾಗಿಯೂ ಇತ್ತು. ಆದರೆ ಆರು ದಿನದ ಬಾಯಿಪಾಠ ಗಂಟಲಲ್ಲಿ ಅಡ್ಡ ನಿಂತಿತ್ತು.

‘ಒಳಗೆ ಬೀಜ ಇರಲಿಲ್ಲ ಕಣೇ’ ಅಂದಳು.

‘ಏನು? ಕೇಳಿಸ್ತಿಲ್ಲ, ಸೇತುವೆ ಮೇಲಿದೀವಿ.’

‘ಒಳಗೆ ಬೀಜ ಇರಲಿಲ್ಲ ಅಂದೆ!’ ಅವಳು ಕೂಗಿಯೇ ಹೇಳಿದಳು. ‘ಹನ್ನೆರಡೂವರೆಗೇ ಮುಗಿದಿತ್ತು. ಅದು ಖಾಲಿ ಕಾಯಿ. ನಾನು ನಕ್ಕಿದ್ದು ಕಾಯಿ ನೋಡಿ ಅಲ್ಲ. ನೀನು ಬರ್ತೀಯ, ಕರೀತೀಯ, ನಿಮ್ಮನೆ ಮೇಲಿನ ಕೋಣೇಲಿ ನಾನಿರ್ತೀನಿ ಅಂತ ಅಂದುಕೊಂಡು ನಗ್ತಾ ಇದ್ದೆ. ಬಾಗಿಲು ಕಾಲಲ್ಲಿ ಒದ್ದು ತೆಗೆದಿದ್ರೂ ಏನೂ ಹಾಳಾಗ್ತಿರಲಿಲ್ಲ.’

ರೈಲು ಸೇತುವೆ ದಾಟಿತು. ಗಡಗಡ ಸದ್ದು ಇಳಿದ ಮೇಲೆ ತಂಗಿಯ ದನಿ ತೀರಾ ಹತ್ತಿರದಲ್ಲಿ ಕೇಳಿತು.

‘ಮತ್ತೆ ಬೋರ್ಡು ಯಾಕೆ ಹಾಕಿದ್ದೆ ಅಕ್ಕ?’

ಗಾಳಿಯಕ್ಕ ಉತ್ತರ ಹುಡುಕಲಿಲ್ಲ. ಅದು ಎಷ್ಟೋ ವರ್ಷದಿಂದ ಅವಳಿಗೆ ಗೊತ್ತಿತ್ತು, ಕೇಳಿದವರಿರಲಿಲ್ಲ ಅಷ್ಟೇ.

‘ಮೊದಲು ಯಾರೂ ಬರಬಾರದು ಅಂತ ಹಾಕಿದ್ದೆ. ಆಮೇಲೆ ಯಾರೂ ಬರದೇ ಹೋದ್ರು. ಬೋರ್ಡು ತೆಗೆದ ಮೇಲೂ ಯಾರೂ ಬರದಿದ್ರೆ? ಬೋರ್ಡು ಇದೆ, ಅದಕ್ಕೇ ಬರಲ್ಲ ಅಂತ ಅಂದುಕೊಂಡಿರಬಹುದಲ್ಲ.’

ಆ ಕಡೆ ತಂಗಿ ಅಳುತ್ತಿದ್ದಳು. ಈ ಕಡೆ ಇವಳ ಕಣ್ಣು ಒಣಗಿತ್ತು.

‘ಕೊಟ್ಟುಬಿಟ್ಟೆನಲ್ಲೇ ಅಕ್ಕ’ ಅಂದಳು ತಂಗಿ. ‘ಅವರು ಗಂಟು ಕಟ್ತಾ ಇದಾರೆ. ಆ ವಯಸ್ಸಿನವರಿಗೆ ಬೇಡ ಅಂತ ಹೇಗೆ ಹೇಳಲಿ?’

‘ಹೇಳಬೇಡ’ ಅಂದಳು ಗಾಳಿಯಕ್ಕ. ‘ಅವರಿಗೂ ಯಾರೂ ಇಲ್ಲ ಅಂದೆಯಲ್ಲ. ಅದು ಹೇಗಿರುತ್ತೆ ಅಂತ ನಂಗೆ ಗೊತ್ತು. ಹೇಳಬೇಡ.’

ಗಂಟೆ ನಾಲ್ಕು ಹೊಡೆಯಿತು. ಕಚೇರಿಯ ಜನ ಒಬ್ಬೊಬ್ಬರೇ ಹೊರಗೆ ಬರತೊಡಗಿದರು. ಟೈಪಿಸ್ಟ್ ಇವಳ ಒಳ್ಳೆಯ ಉಡುಪು ನೋಡಿ, ‘ಏನಕ್ಕ, ಯಾರಾದ್ರೂ ಬರೋರಿದ್ರಾ?’ ಅಂತ ಕೇಳಿದಳು. ಗಾಳಿಯಕ್ಕ ಫೋನನ್ನು ಕಿವಿಯಿಂದ ತೆಗೆಯದೆಯೇ ಅವಳ ಕಡೆ ತಿರುಗಿದಳು.

‘ಹೂಂ’ ಅಂದಳು. ‘ನನ್ನ ತಂಗಿ. ಬಂದು ಹೋದಳು.’